ಪ್ಲೇಟ್‌ಲೆಟ್ ಚೆನ್ನಾಗಿದೆ, ಮನೆಗೆ ಹೋಗಿ

ಆಸ್ಪತ್ರೆ ಕಟ್ಟುವವರು ಲ್ಯಾಬಿಗೆ ಜಾಗ ಹುಡುಕುವುದು ಎಲ್ಲ ಮುಗಿದ ಮೇಲೆ. ಡಾಕ್ಟರ ಕೋಣೆ, ಔಷಧಿ ಅಂಗಡಿ, ಗಣಪತಿ ಗೂಡು, ಜನರೇಟರ್ ಎಲ್ಲಕ್ಕೂ ಜಾಗವಾದ ಮೇಲೆ ಕಕ್ಕಸಿನ ಪಕ್ಕ ಏನಾದರೂ ಉಳಿದಿದ್ದರೆ ಅದೇ ಲ್ಯಾಬ್. ಗುಬ್ಬಿ, ತುಮಕೂರು, ಕುಣಿಗಲ್, ಈ ಮೂರು ಊರುಗಳ ಮೂರು ನರ್ಸಿಂಗ್ ಹೋಮುಗಳಲ್ಲಿ ಮೂವತ್ನಾಲ್ಕು ವರ್ಷ ನಾನು ಕಕ್ಕಸಿನ ಪಕ್ಕದಲ್ಲೇ ಕೂತು ಜನರ ರಕ್ತ ನೋಡಿದೆ. ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೂ ಮುಜುಗರ, ನನಗೂ.

ನಾನು ಬೆಳ್ಳಾವಿಯವಳು. ಅಪ್ಪ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ದಿನಾ ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿಎಸ್ಸಿ ಮುಗಿಸಿದೆ. ಆ ಮೂರು ವರ್ಷದಲ್ಲಿ ನನಗೆ ಕೂರಲು ಸೀಟು ಸಿಕ್ಕಿದ್ದು ಪರೀಕ್ಷೆಯ ಹಾಲಿನಲ್ಲಿ ಮಾತ್ರ. ರಸಾಯನಶಾಸ್ತ್ರ ಎರಡು ಸಲ ಕೈಕೊಟ್ಟಿತು, ಮೂರನೇ ಸಲ ಅದಕ್ಕೇ ಬೇಜಾರಾಗಿ ಬಿಟ್ಟುಕೊಟ್ಟಿತು. ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ‘ಸರೋಜಮ್ಮ, ಬಿ.ಎಸ್ಸಿ.’ ಎಂದು ಬೋರ್ಡು ಬರೆಸಿ ಮೇಜಿನ ಮೇಲಿಟ್ಟೆ.

“ಟೆಕ್ನಿಷಿಯನ್‌ಗೆ ಬೋರ್ಡ್ ಯಾಕಮ್ಮ?” ಎಂದರು ಆಸ್ಪತ್ರೆಯ ಯಜಮಾನರು.

“ನಿಮ್ಮ ಬೋರ್ಡಲ್ಲಿ ಏಳು ಡಿಗ್ರಿ ಇದಾವಲ್ಲ ಸರ್. ನಂದು ಒಂದೇ. ಜಾಗ ಹಿಡಿಯಲ್ಲ.”

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರಕ್ತ ತೆಗೆಯುವುದನ್ನು ನಿಮಗೆ ಕಲಿಸುತ್ತಾರೆ. ಬಾಯಿ ಮುಚ್ಚಿಕೊಂಡಿರುವುದನ್ನೂ, ಯಾವಾಗ ತೆರೆಯಬೇಕೆಂಬುದನ್ನೂ ಯಾರೂ ಕಲಿಸುವುದಿಲ್ಲ. ನಾನು ಅದನ್ನು ಕಲಿತದ್ದು ಮೂರು ವರ್ಷದ ಒಂದು ಹೆಣ್ಣುಮಗುವಿನ ಹೃದಯವನ್ನು ಪಣಕ್ಕಿಟ್ಟು. ಆ ಕಥೆಗೆ ಮುಂಚೆ ಗುಬ್ಬಿಯದೊಂದನ್ನು ಹೇಳಬೇಕು. ಯಾಕೆಂದರೆ ಪಾಠ ಅಲ್ಲೇ ಆಗಿತ್ತು. ಕಲಿಯಲಿಲ್ಲ, ಅಷ್ಟೇ.

ಗುಬ್ಬಿಯಲ್ಲಿ ನಾನಿನ್ನೂ ಹೊಸಬಳು. ಒಂದು ಬೆಳಿಗ್ಗೆ ಏಳು ವರ್ಷದ ಹುಡುಗನನ್ನು ಹೊತ್ತುಕೊಂಡು ಅವನ ಅಪ್ಪ, ಇಬ್ಬರು ಚಿಕ್ಕಪ್ಪಂದಿರು ನುಗ್ಗಿದರು. ಜೊತೆಗೆ ಬೆವರುತ್ತಿದ್ದ ಒಬ್ಬ ಮೇಷ್ಟ್ರನ್ನೂ ಎಳೆದು ತಂದಿದ್ದರು. ಹುಡುಗನ ಕಾಲು, ತೊಡೆ, ಕುಂಡೆಯ ತುಂಬ ನೇರಳೆ ಬಣ್ಣದ ಚುಕ್ಕೆಗಳು.

“ಈ ಮೇಷ್ಟ್ರು ಬಡಿದವ್ನೆ. ರಕ್ತ ಟೆಸ್ಟ್ ಮಾಡಿ, ಹೊಡ್ದವ್ರು ಯಾರು ಅಂತ ಬರ್ಕೊಡಿ” ಎಂದ ಅಪ್ಪ.

ರಕ್ತ ಪರೀಕ್ಷೆಯಲ್ಲಿ ಹೊಡೆದವನ ಹೆಸರು ಬರುತ್ತದೆಂದು ನಂಬಿದ ಜನರ ಎದುರು ವಿಜ್ಞಾನ ಹೇಳಲು ಹೋಗಬಾರದು. ಆಗ ಅಲ್ಲಿದ್ದ ವಯಸ್ಸಾದ ಡಾಕ್ಟರು ಹೇಳಲಿಲ್ಲ. ನನ್ನ ಮೇಜಿನಿಂದ ಒಂದು ಗಾಜಿನ ಸ್ಲೈಡು ತೆಗೆದುಕೊಂಡು ಚುಕ್ಕೆಯ ಮೇಲೆ ಒತ್ತಿದರು. ಸಾಧಾರಣ ಗಂಧೆಯಾದರೆ ಒತ್ತಿದಾಗ ಬಿಳುಪಾಗುತ್ತದೆ. ಇದು ಆಗಲಿಲ್ಲ. ಬೆರಳಾಡಿಸಿದರೆ ಉಬ್ಬುಬ್ಬು. ಹುಡುಗನಿಗೆ ಮಂಡಿನೋವು, ಹೊಟ್ಟೆನೋವು. ಎರಡು ವಾರದ ಹಿಂದೆ ಗಂಟಲುನೋವು ಬಂದು ಹೋಗಿತ್ತಂತೆ.

ನಾನು ಪ್ಲೇಟ್‌ಲೆಟ್ ಎಣಿಸಿದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಕಣಗಳು ಅವು. ಕಡಿಮೆಯಾದರೆ ಚರ್ಮದ ಕೆಳಗೆ ರಕ್ತ ಒಸರುತ್ತದೆ. ಆಗ ಯಂತ್ರವಿಲ್ಲ, ಮೈಕ್ರೋಸ್ಕೋಪಿನಡಿ ಒಂದೊಂದೇ ಎಣಿಸಬೇಕು. ಎಣಿಸಿದರೆ ಸರಿಯಾಗಿಯೇ ಇದ್ದವು. “ಪ್ಲೇಟ್‌ಲೆಟ್ ಚೆನ್ನಾಗಿದೆ ಸರ್, ಏನೂ ಇಲ್ಲ” ಎಂದು ಹೆಮ್ಮೆಯಿಂದ ಹೇಳಿದೆ.

“ಪ್ಲೇಟ್‌ಲೆಟ್ ಚೆನ್ನಾಗಿದ್ದೂ ರಕ್ತ ಸೋರ್ತಿದೆ ಅಂದ್ರೆ ಏನಮ್ಮ ಅರ್ಥ? ನೀರು ಸರಿ ಇದೆ, ಪೈಪ್ ಕೆಟ್ಟಿದೆ. ಹೋಗು, ಮೂತ್ರ ಕಾಯಿಸಿ ನೋಡು” ಎಂದರು ಡಾಕ್ಟರು.

ಕಾಯಿಸಿದೆ. ಮೂತ್ರ ಹಾಲಿನಂತೆ ಮಸುಕಾಯಿತು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಕಿಡ್ನಿಯ ಸಣ್ಣ ರಕ್ತನಾಳಗಳಿಗೂ ಉರಿಯೂತ ಹತ್ತಿದೆಯೆಂದು ಅದರ ಅರ್ಥ. ಗಂಟಲಿಗೆ ಬಂದ ಸೋಂಕನ್ನು ಓಡಿಸಲು ದೇಹ ಹುಟ್ಟಿಸಿದ ಪ್ರತಿಕಾಯಗಳೇ ಸಣ್ಣ ನಾಳಗಳ ಗೋಡೆಯಲ್ಲಿ ಹೋಗಿ ಕೂತಿದ್ದವು. ಅದನ್ನು ಕಂಡು ಬಿಳಿ ರಕ್ತಕಣಗಳು ಬಂದವು. ಬಂದವು ಸುಮ್ಮನಿರಲಿಲ್ಲ. ಜಗಳ ಬಿಡಿಸಲು ಬಂದವರೇ ಗೋಡೆ ಕೆಡವಿದಂತೆ ನಾಳವನ್ನು ತೂತು ಮಾಡಿದವು. ಹುಡುಗನ ಮೂತ್ರವನ್ನು ಆರು ತಿಂಗಳು ನೋಡುತ್ತಲೇ ಇದ್ದೆವು, ಕೊನೆಗೆ ತಿಳಿಯಾಯಿತು. ಇದು ಏಟಲ್ಲ, ರೋಗ ಎಂದು ಡಾಕ್ಟರು ಹೆಸರು ಹೇಳಿದ ದಿನ ಅತ್ಯಂತ ಸಂತೋಷವಾಗಿದ್ದವರು ಮೇಷ್ಟ್ರು. ಒಂದು ರೋಗದ ಹೆಸರು ಕೇಳಿ ಯಾರಾದರೂ ಕೈಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪ್ಲೇಟ್‌ಲೆಟ್ ಚೆನ್ನಾಗಿದ್ದರೆ ಎಲ್ಲ ಚೆನ್ನಾಗಿದೆ ಎಂದಲ್ಲ. ಇಷ್ಟೇ ಪಾಠ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಬಿಟ್ಟಿಯಾಗಿ ಸಿಕ್ಕಿತ್ತು.

ತುಮಕೂರಿನಲ್ಲಿ ಹತ್ತು ವರ್ಷ ಇದ್ದೆ. ಅಲ್ಲಿನ ನನ್ನ ಮೇಲಧಿಕಾರಿಗೆ ಇ.ಎಸ್.ಆರ್. ಕಂಡರಾಗದು. ಸಣ್ಣ ಕೊಳವೆಯಲ್ಲಿ ರಕ್ತ ತುಂಬಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಕೆಳಗಿಳಿದವೆಂದು ನೋಡುವ ಪರೀಕ್ಷೆ ಅದು. ಮೈಯಲ್ಲಿ ಉರಿಯೂತವಿದ್ದರೆ ದಡಬಡ ಇಳಿಯುತ್ತವೆ. ಊರಲ್ಲಿ ಎಲ್ಲೋ ಬೆಂಕಿ ಬಿದ್ದಿದೆ ಎಂದು ಹೇಳುತ್ತದೆ, ಯಾರ ಮನೆ ಎಂದು ಹೇಳುವುದಿಲ್ಲ. ಆದರೆ ಒಂದು ಗಂಟೆ ಕಾಯಬೇಕಲ್ಲ?

“ಹದಿನೈದು ನಿಮಿಷಕ್ಕೆ ನೋಡಿ ನಾಲ್ಕರಿಂದ ಗುಣಿಸಮ್ಮ. ಬಿಎಸ್ಸಿ ಮಾಡಿದೀಯಲ್ಲ, ಮಗ್ಗಿ ಬರಲ್ವಾ?”

“ಸರ್, ಹೆರಿಗೇನೂ ಎರಡೂಕಾಲು ತಿಂಗಳಿಗೆ ಮಾಡಿಸಿ ನಾಲ್ಕರಿಂದ ಗುಣಿಸ್ತೀರಾ?”

ಮುಂದಿನ ತಿಂಗಳು ನಾನು ಕುಣಿಗಲ್ಲಿನಲ್ಲಿದ್ದೆ.

ಕುಣಿಗಲ್ಲಿನ ನರ್ಸಿಂಗ್ ಹೋಮಿಗೆ ಯಂತ್ರ ಬಂತು. ರಕ್ತ ಇಟ್ಟರೆ ಒಂದು ನಿಮಿಷದಲ್ಲಿ ಇಪ್ಪತ್ತು ನಂಬರು ಉಗುಳುತ್ತದೆ. ಎಣಿಸುವ ಕಣ್ಣಿಗೆ ಕೆಲಸ ತಪ್ಪಿತು, ಬಾಯಿಗೆ ಬಿಡುವು ಸಿಕ್ಕಿತು. ಡೆಂಗ್ಯೂ ಕಾಲದಲ್ಲಂತೂ ನಾನು ಕುಣಿಗಲ್ಲಿನ ಅರ್ಧ ಜನಕ್ಕೆ ಗುರುತು. ಜ್ವರ ಬಂದವರೆಲ್ಲ ಪ್ಲೇಟ್‌ಲೆಟ್ ಇಳಿಯುತ್ತದೆಂದು ಹೆದರಿ ಬರುತ್ತಿದ್ದರು. ಕಾರಿಡಾರಿನಲ್ಲಿ ಕ್ರಿಕೆಟ್ ಸ್ಕೋರು ಕೇಳಿದಂತೆ ಕೇಳುತ್ತಿದ್ದರು: “ಎಷ್ಟಾಯ್ತು ಮೇಡಂ?” ನಾನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ: “ಒಂದು ಲಕ್ಷ ಎಂಬತ್ತು, ಪರವಾಗಿಲ್ಲ!” “ಎರಡೂವರೆ ಲಕ್ಷ, ಮನೆಗೆ ಹೋಗಿ!” ವರದಿಯನ್ನು ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ತೀರ್ಪು ಕೊಡುವುದನ್ನು ನಾನೇ ಕಲಿತುಕೊಂಡಿದ್ದೆ.

ನಿವೃತ್ತಿಗೆ ಎರಡು ವರ್ಷವಿತ್ತು. ಒಂದು ಸೋಮವಾರ ಮಾರ್ಕೋನಹಳ್ಳಿ ಕಡೆಯಿಂದ (ಊರು ಗೊತ್ತಾದದ್ದು ಆಮೇಲೆ) ಶಿವಮ್ಮ ಎಂಬ ಅಜ್ಜಿ, ಆಕೆಯ ಸೊಸೆ ಕವಿತಾ, ಕವಿತಾಳ ಮೂರು ವರ್ಷದ ಮಗಳು ಮಾನ್ಯ ಬಂದರು. ಮಗುವಿಗೆ ಜ್ವರ ಬಂದು ಎಂಟನೇ ದಿನ. ಆ ಎಂಟು ದಿನದಲ್ಲಿ ಆದದ್ದನ್ನು ಆಮೇಲೆ ನಾವೆಲ್ಲ ಸೇರಿ ಜೋಡಿಸಿದೆವು. ಕಣ್ಣು ಕೆಂಪಾಯಿತು, ಔಷಧಿ ಅಂಗಡಿಯವನು ಹನಿ ಕೊಟ್ಟ. ತುಟಿ ಒಡೆದು ರಕ್ತ ಬಂತು. ಅಜ್ಜಿ ಬೆಣ್ಣೆ ಸವರಿದಳು. ಕತ್ತಿನಲ್ಲಿ ಗಂಟು ಬಂತು. ಪಕ್ಕದ ಮನೆಯವರು ಹಲ್ಲಿನದು ಎಂದರು. ಮೈಮೇಲೆ ಕೆಂಪು ಗಂಧೆ ಎದ್ದಿತು. ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿದರು. ಕೈಕಾಲು ಊದಿತು, ಆ ಸೋಮವಾರ ಬೆಳಿಗ್ಗೆ ನಮ್ಮ ದೊಡ್ಡ ಡಾಕ್ಟರು, ಅಂದರೆ ನರ್ಸಿಂಗ್ ಹೋಮಿನ ಯಜಮಾನರು, ವೈರಲ್ ಎಂದು ಸಿರಪ್ಪು, ಜೊತೆಗೆ ರಕ್ತ ಪರೀಕ್ಷೆ ಬರೆದರು. ಐದು ಲಕ್ಷಣ, ಐದು ವೈದ್ಯರು, ಐದು ಔಷಧಿ. ಐದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದವರು ಯಾರೂ ಇಲ್ಲ.

ಅಮ್ಮ ಬಂದ ಮನೆಯವರು ಆಸ್ಪತ್ರೆಗೆ ಬರುವುದಿಲ್ಲ. ಡೆಂಗ್ಯೂ ಭಯಕ್ಕೆ ಬಂದಿದ್ದರು, ಮಗುವಿನ ಲಂಗದ ಮಡಿಕೆಯಲ್ಲಿ ಬೇವಿನ ಎಲೆ ಸಿಕ್ಕಿಸಿಕೊಂಡು.

“ರಕ್ತ ಮಾತ್ರ ನೋಡವ್ವ, ಔಸ್ತಿ ಬ್ಯಾಡ. ಅಮ್ಮ ಮುನಿಸ್ಕತಾಳೆ” ಎಂದಳು ಶಿವಮ್ಮ.

ಯಂತ್ರ ಉಗುಳಿತು: ಆರು ಲಕ್ಷ ಎಂಬತ್ತು ಸಾವಿರ. ಆ ಸೀಸನ್ನಿನಲ್ಲಿ ಮೂವತ್ತು ಸಾವಿರ, ನಲವತ್ತು ಸಾವಿರ ನೋಡಿ ನೋಡಿ ನನ್ನ ಕಣ್ಣು ಬತ್ತಿಹೋಗಿತ್ತು. ಬಾಗಿಲಿಗೆ ಬಂದು ಕೂಗಿದೆ.

“ಏಳು ಲಕ್ಷದ ಹತ್ರ! ಡೆಂಗ್ಯೂ ಇಲ್ವೇ ಇಲ್ಲ. ಪ್ಲೇಟ್‌ಲೆಟ್ ಚೆನ್ನಾಗಿದೆ, ಮನೆಗೆ ಹೋಗಿ!”

ಕಾರಿಡಾರು ಬೆರಗಾಯಿತು. “ಏನ್ ಕೊಟ್ರಿ ಅಜ್ಜಿ ಮಗೀಗೆ?” ಎಂದು ಒಬ್ಬ ಕೇಳಿದ.

“ಪರಂಗಿ ಎಲೆ ರಸ ಕಣಪ್ಪ. ನಮ್ಮ ಹಿತ್ಲದು, ನಾಟಿ.”

ಅಷ್ಟೇ. ಡಾಕ್ಟರ ಕೋಣೆಯ ಮುಂದಿದ್ದ ಸಾಲು ಅಜ್ಜಿಯ ಮುಂದೆ ನಿಂತಿತು. ನಮ್ಮ ಆಸ್ಪತ್ರೆಯ ಆಯಾ ರತ್ನಮ್ಮ ಕೂಡ ತಂಗಿಗೆ ಬೇಕೆಂದು ಆ ಮರದ ವಿಳಾಸ ಕೇಳಿಕೊಂಡಳು. ವರದಿಯನ್ನು ದೊಡ್ಡ ಡಾಕ್ಟರಿಗೆ ತೋರಿಸದೆಯೇ ಅಜ್ಜಿ, ಸೊಸೆ, ಮಗು ಹೊರಟರು. ನಾನೇ ಹೇಳಿದ ಮೇಲೆ ಡಾಕ್ಟರು ಯಾಕೆ?

ದೊಡ್ಡ ಡಾಕ್ಟರು ಚೀಟಿಯಲ್ಲಿದ್ದ ಎಲ್ಲ ಚೌಕಕ್ಕೂ ಟಿಕ್ ಹಾಕುವವರು. ಹಾಗಾಗಿ ಮಾನ್ಯಳ ರಕ್ತವನ್ನು ಇ.ಎಸ್.ಆರ್. ಕೊಳವೆಗೂ ತುಂಬಿಟ್ಟಿದ್ದೆ. ಒಂದು ಗಂಟೆಯ ನಂತರ ನೋಡಿದೆ. ಇಪ್ಪತ್ತರೊಳಗೆ ಇರಬೇಕಾದದ್ದು ತೊಂಬತ್ತೆಂಟು. ಕೊಳವೆ ಓರೆಯಾಗಿದೆಯೇನೋ ಎಂದು ಬಗ್ಗಿ ನೋಡಿದೆ. ಗೋಡೆಗಿಂತ ನೆಟ್ಟಗಿತ್ತು.

ಗುಬ್ಬಿಯ ಹುಡುಗ ಆಗಲೇ ನೆನಪಾದ. ಆದರೂ ನಾನು ವರದಿಯನ್ನು ಟ್ರೇಯಲ್ಲಿ ಹಾಕಿ ಊಟಕ್ಕೆ ಹೋದೆ. ಯಾಕೆ ಎಂದು ಕೇಳಿ. ದೊಡ್ಡ ಡಾಕ್ಟರ ಬಳಿ ಹೋದರೆ, “ಅವರನ್ನ ಕಳಿಸಿದ್ದು ಯಾರು?” ಎನ್ನುತ್ತಿದ್ದರು. ಅಷ್ಟು ಜನರ ಮುಂದೆ ಕೂಗಿ ಹೇಳಿದ ಮಾತನ್ನು ಬಿ.ಎಸ್ಸಿ. ಬೋರ್ಡು ಇಟ್ಟುಕೊಂಡವಳು ವಾಪಸು ತೆಗೆದುಕೊಳ್ಳುವುದೆಂದರೇನು? ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳು. ಚೆನ್ನಾಗಿಯೇ ಇಳಿಯಿತು. ಬಸ್ಸಾರು ರುಚಿಯಾಗಿತ್ತು.

ಮಂಗಳವಾರ ತುಮಕೂರಿನಿಂದ ಮಕ್ಕಳ ಡಾಕ್ಟರು ಬರುವ ದಿನ. ನಂದಿನಿ ಎಂದು ಹೆಸರು, ನನ್ನ ಮಗಳ ವಯಸ್ಸು. ಮಧ್ಯಾಹ್ನದವರೆಗೆ ಅವರ ಕೋಣೆಯ ಮುಂದೆ ಮೂರು ಸಲ ಓಡಾಡಿದೆ. ನಾಲ್ಕನೇ ಸಲ ಒಳಗೆ ಹೋಗಿ, ಯಾರದೋ ಸುದ್ದಿ ಎಂಬಂತೆ ಕೇಳಿದೆ: “ಮೇಡಂ, ಮಗೂಗೆ ಎಂಟು ದಿನದ ಜ್ವರ, ಕಣ್ಣು ಕೆಂಪು, ತುಟಿ ಒಡೆದಿದೆ. ಪ್ಲೇಟ್‌ಲೆಟ್ ಏಳು ಲಕ್ಷ, ಇ.ಎಸ್.ಆರ್. ತೊಂಬತ್ತೆಂಟು. ಒಳ್ಳೇದಾ?”

ಆಕೆ ಪೆನ್ನು ಕೆಳಗಿಟ್ಟರು. “ಮಗು ಎಲ್ಲಿದೆ?”

“ಮನೇಲಿ.”

“ಕಳಿಸಿದ್ಯಾರು?”

“ನಾನೇ.”

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡೇ ಮಾತಿನಲ್ಲಿ ಹೇಳಿದರು. ಇದು ಕವಾಸಕಿ ಎಂಬ ಕಾಯಿಲೆ ಇರಬಹುದು. ಚಿಕ್ಕ ಮಕ್ಕಳ ರಕ್ತನಾಳಗಳಿಗೆ ಬರುವ ಉರಿಯೂತ. ಹೃದಯಕ್ಕೆ ರಕ್ತ ಕೊಡುವ ನಾಳಗಳೆಂದರೆ ಅದಕ್ಕೆ ಬಲು ಪ್ರೀತಿ. ಹತ್ತು ದಿನದೊಳಗೆ ಔಷಧಿ ಹೋದರೆ ನಾಳ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಇವತ್ತು ಒಂಬತ್ತನೇ ದಿನ.

ರಿಜಿಸ್ಟರಿನಲ್ಲಿದ್ದ ಫೋನ್ ನಂಬರು ಸ್ವಿಚ್ ಆಫ್. ವಿಳಾಸದ ಜಾಗದಲ್ಲಿ ನನ್ನದೇ ಕೈಬರಹದಲ್ಲಿ ‘ಕುಣಿಗಲ್ ತಾ.’ ಎಂದಷ್ಟೇ ಇತ್ತು. ಇಡೀ ತಾಲ್ಲೂಕಿನಲ್ಲಿ ಹುಡುಕಿ ಎಂದು ಅರ್ಥ. ಆಗ ಉಳಿಸಿದ್ದು ವಿಜ್ಞಾನವಲ್ಲ, ಪರಂಗಿ ಎಲೆ. ರತ್ನಮ್ಮ ಬೆಳಿಗ್ಗೆ ತಾನೇ ಆ ಹಿತ್ತಲಿಗೆ ಹೋಗಿ ಬಂದಿದ್ದಳು. “ಬನ್ನಿ ಮೇಡಂ, ತೋರಿಸ್ತೀನಿ. ಮರ ಬೋಳಾಗೈತೆ, ದೂರದಿಂದ್ಲೇ ಗೊತ್ತಾಯ್ತದೆ” ಎಂದು ನಂದಿನಿಯವರ ಕಾರು ಹತ್ತಿದಳು. ನಾನೂ ಹತ್ತಿದೆ.

ಬಾಗಿಲಲ್ಲಿ ಬೇವಿನ ತೋರಣ. ಶಿವಮ್ಮ ಹೊಸ್ತಿಲಲ್ಲೇ ತಡೆದಳು. ಶುಕ್ರವಾರ ಅಮ್ಮನನ್ನು ಕಳಿಸಿ ಮಗುವಿಗೆ ನೀರು ಹಾಕುವವರೆಗೂ ಅದನ್ನು ಹೊಸ್ತಿಲು ದಾಟಿಸುವಂತಿಲ್ಲ.

“ನಿನ್ನೆ ದಾಟಿಸಿದ್ರಲ್ಲ ಅಜ್ಜಿ” ಎಂದೆ.

“ಅದ್ಕೇ ತಪ್ಪುಕಾಣಿಕೆ ಕಟ್ಟಿದೀನಿ. ಈಗ ಇನ್ನೇನ್ ಬಂದ್ರಿ? ಜ್ವರ ಇಳೀತು. ನೀನೇ ಅಂದ್ಯಲ್ಲವ್ವ, ಚೆನ್ನಾಗೈತೆ ಅಂತ. ನಿನ್ನೆ ಚೆನ್ನಾಗಿದ್ದಿದ್ದು ಇವತ್ತು ಕೆಟ್ಟೋಯ್ತಾ? ಹಾಲಾ ಅದು?”

ಅಕ್ಕಪಕ್ಕದವರು ನಕ್ಕರು. ಎಲೆಗೆ ಬಂದವರು ಇನ್ನೂ ನಾಲ್ಕು ಜನ ಹಿತ್ತಲಲ್ಲಿದ್ದರು.

ನಂದಿನಿಯವರು ಹೊರಗಿನಿಂದಲೇ ಮಗುವಿನ ಕೈ ತೋರಿಸಲು ಕೇಳಿದರು. ಕವಿತಾ ಎತ್ತಿಕೊಂಡು ಬಂದಳು. ಬೆರಳ ತುದಿಗಳಲ್ಲಿ ಉಗುರಿನ ಬುಡದಿಂದ ಚರ್ಮ ತೆಳ್ಳಗೆ ಸುಲಿಯುತ್ತಿತ್ತು.

“ಅಮ್ಮ ಹೋಗೋವಾಗ ಸಿಪ್ಪೆ ಬುಡ್ತಾಳೆ” ಎಂದಳು ಶಿವಮ್ಮ.

“ಇದು ಅಮ್ಮ ಅಲ್ಲ ಅಜ್ಜಿ” ಎಂದು ಡಾಕ್ಟರು ಶುರುಮಾಡಿದರು. ಹಳೆಯ ಸೈಕಲ್ ಟ್ಯೂಬಿನ ಒಂದು ಕಡೆ ರಬ್ಬರು ಸವೆದರೆ ಗಾಳಿ ಹೊಡೆದಾಗ ಅಲ್ಲಿ ಗುಳ್ಳೆ ಬರುತ್ತದಲ್ಲ, ಹಾಗೆ ಎಂದರು. ಉರಿಯೂತದಿಂದ ರೊಚ್ಚಿಗೆದ್ದ ರಕ್ತಕಣಗಳು ನಾಳದ ಗೋಡೆಯೊಳಗೆ ಹೊಕ್ಕು, ಅದಕ್ಕೆ ಬಿಗಿ ಕೊಡುವ ಪದರವನ್ನು ಕರಗಿಸುತ್ತವೆ. ಗೋಡೆ ಸಡಿಲಾಗಿ ಉಬ್ಬುತ್ತದೆ. ಉಬ್ಬಿದಲ್ಲಿ ರಕ್ತ ನಿಧಾನವಾಗಿ ಸುತ್ತುತ್ತದೆ. ಆ ಹೊತ್ತಿಗೇ ಪ್ಲೇಟ್‌ಲೆಟ್ಟುಗಳು ವಿಪರೀತ ಹೆಚ್ಚಿರುತ್ತವೆ. ಹೆಪ್ಪುಗಟ್ಟಿ ನಾಳ ಮುಚ್ಚಿತೆಂದರೆ ಮೂರು ವರ್ಷದ ಮಗುವಿಗೆ ಹೃದಯಾಘಾತ. ಮೇಲಿನ ಜ್ವರ ಇಳಿದರೂ ಒಳಗಿನ ಬೆಂಕಿ ಆರಿರುವುದಿಲ್ಲ.

ಎಷ್ಟು ಚೆನ್ನಾಗಿ ಹೇಳಿದರು! ಶಿವಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಕೆ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರು ಹೊಸಬರು. ಏಳು ಲಕ್ಷ ಎಂದು ಕೂಗಿದವಳು ನಾನು.

ಬಸ್ಸಿನಲ್ಲಿ ನಿಂತು ಓದಿದ್ದು, ಮೂರನೇ ಸಲಕ್ಕೆ ಪಾಸಾಗಿದ್ದು, ಮೇಜಿನ ಮೇಲಿನ ಬೋರ್ಡು, ಎಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ಕೂತವು. ಮುದ್ದೆ ಇಳಿದಷ್ಟು ಸುಲಭವಾಗಿ ಇಳಿಯಲಿಲ್ಲ.

“ಅಜ್ಜಿ, ನಾನು ಹೇಳಿದ್ದು ತಪ್ಪು. ಏಳು ಲಕ್ಷ ಅನ್ನೋದು ಒಳ್ಳೇ ನಂಬರಲ್ಲ. ನಂಗೆ ಗೊತ್ತಿರಲಿಲ್ಲ, ಆದ್ರೂ ಗೊತ್ತಿರೋರ ಥರ ಕೂಗಿದೆ. ಆಮೇಲೆ ಇನ್ನೊಂದು ಟೆಸ್ಟಲ್ಲಿ ಅನುಮಾನ ಬಂತು. ನಿನ್ನೇನೇ ಬಂತು. ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ಒಂದು ದಿನ ಹೋಯ್ತು.”

ಹಿತ್ತಲಲ್ಲಿ ಅಳಿದುಳಿದ ಎಲೆ ಕೀಳುತ್ತಿದ್ದವರೂ ಕೈ ನಿಲ್ಲಿಸಿದರು. ಶಿವಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅರವತ್ತೈದು ವರ್ಸ ಆಯ್ತು ನಂಗೆ. ತಪ್ಪಾಯ್ತು ಅಂದ ಆಸ್ಪತ್ರೆಯೋರ್ನ ಇವತ್ತೇ ಕಂಡಿದ್ದು. ಇವ್ಳ ಬಾಯಲ್ಲೇ ಈ ಮಾತು ಬಂತು ಅಂದ್ರೆ ಮಗೀಗೆ ಏನೋ ದೊಡ್ಡದೇ ಆಗೈತೆ. ಏಳೇ ಕವಿತಾ, ಬಟ್ಟೆ ತುಂಬ್ಕೊ. ಅಮ್ಮನ ಹತ್ರ ನಾನ್ ಮಾತಾಡ್ಕತೀನಿ.”

ಸೈಕಲ್ ಟ್ಯೂಬು ಸೋತ ಕಡೆ ನನ್ನ ಅವಮಾನ ಗೆದ್ದಿತು.

ಸಂಜೆಯೊಳಗೆ ತುಮಕೂರಿನಲ್ಲಿ ಎಕೋ ಆಯಿತು. ಎದೆಯ ಮೇಲೆ ಜೆಲ್ ಸವರಿ ಹೃದಯವನ್ನು ಪರದೆಯ ಮೇಲೆ ತೋರಿಸುವ ಪರೀಕ್ಷೆ. ಎಡಗಡೆಯ ನಾಳ ಒಂದು ಕಡೆ ಉಬ್ಬಿತ್ತು. ಗುಳ್ಳೆ ಸಣ್ಣದು. ನಿನ್ನೆಯೇ ಬಂದಿದ್ದರೆ ಇರುತ್ತಿರಲಿಲ್ಲವೇ ಎಂದು ನಂದಿನಿಯವರನ್ನು ಕೇಳಿದೆ. “ಗೊತ್ತಿಲ್ಲ” ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಆಕೆಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಏಳು ಡಿಗ್ರಿಯ ಬೋರ್ಡಿನವರಲ್ಲೂ ಈ ವಿದ್ಯೆ ನಾನು ಕಂಡಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ರಕ್ತನಾಳಕ್ಕೆ ಪ್ರತಿಕಾಯದ ಔಷಧಿ ಹೋಯಿತು. ಜಗಳಕ್ಕೆ ಬಂದ ಕಣಗಳನ್ನು ಸಮಾಧಾನ ಮಾಡಿ ಕೂರಿಸುವ ಔಷಧಿ. ಜೊತೆಗೆ ಹೆಪ್ಪುಗಟ್ಟದಿರಲು ಆಸ್ಪಿರಿನ್. ಎರಡು ದಿನದಲ್ಲಿ ಮಗು ಇಡ್ಲಿ ಕೇಳಿತು. ಆಮೇಲೆ ಒಂದೂವರೆ ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ಎಕೋ. ಪ್ರತಿ ಸಲವೂ ರಜೆ ಹಾಕಿ ಹೋದೆ. ಯಾರೂ ಕರೆದಿರಲಿಲ್ಲ. ಶಿವಮ್ಮ ನನ್ನನ್ನು ಕಂಡರೆ ಮಾತಾಡುತ್ತಿರಲಿಲ್ಲ, ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು. ಮನೆಯಲ್ಲಿ ಮಗುವನ್ನು ಓಡಲು ಬಿಡುತ್ತಿರಲಿಲ್ಲವಂತೆ. ಗುಳ್ಳೆ ಒಡೆದೀತೆಂಬ ಭಯ. ಅಂಗನವಾಡಿಗೂ ಎತ್ತಿಕೊಂಡೇ ಹೋಗುವುದು.

ಕುಣಿಗಲ್ಲಿನ ಲ್ಯಾಬಿನಲ್ಲಿ ನಾನು ಕಾರಿಡಾರಿಗೆ ಕೂಗುವುದನ್ನು ನಿಲ್ಲಿಸಿದೆ. “ಎಷ್ಟು ಮೇಡಂ?” ಎಂದರೆ ನಂಬರು ಬರೆದ ಹಾಳೆ ಕೊಟ್ಟು, “ಡಾಕ್ಟರನ್ನ ಕೇಳಿ” ಎಂದೆ. “ಸರೋಜಮ್ಮಂಗೆ ಜಂಬ ಬಂದೈತೆ” ಎಂದು ಊರೆಲ್ಲ ಆಡಿಕೊಂಡಿತು. ಮೂವತ್ತು ವರ್ಷ ಜಂಬ ಪಟ್ಟಾಗ ಯಾರಿಗೂ ಕಂಡಿರಲಿಲ್ಲ. ವಿಳಾಸವನ್ನೂ ಪೂರ್ತಿ ಬರೆಯತೊಡಗಿದೆ, ಹಿತ್ತಲಿನ ಮರದ ಸಮೇತ.

ಒಂದು ವರ್ಷದ ಎಕೋಗೆ ತುಮಕೂರಿನಲ್ಲಿ ಎಲ್ಲರೂ ಸೇರಿದೆವು. ನಂದಿನಿಯವರು ಪರದೆಯ ಮೇಲೆ ಅಳತೆ ಹಿಡಿದು ಹಿಡಿದು ನೋಡಿದರು. ನಾಳ ತನ್ನ ಅಳತೆಗೆ ಬಂದಿತ್ತು.

“ಗುಳ್ಳೆ ಇಲ್ಲ. ಆಸ್ಪಿರಿನ್ ನಿಲ್ಲಿಸೋಣ. ಆದ್ರೆ ಒಂದ್ಸಲ ಸುಟ್ಟ ಗೋಡೆ, ಒಳಗಡೆ ಪೂರ್ತಿ ಮೊದಲಿನ ಹಂಗೇ ಇರುತ್ತೆ ಅಂತ ಹೇಳಕ್ಕಾಗಲ್ಲ. ಆಗಾಗ ಬಂದು ತೋರಿಸ್ತಾ ಇರಬೇಕು.”

“ಓಡ್ಬೋದಾ ಮೇಡಂ?” ಕವಿತಾ ಕೇಳಿದಳು.

“ಓಡ್ಲಿ. ಎಲ್ಲ ಮಕ್ಕಳ ಥರ ಓಡ್ಲಿ.”

ಹೊರಗೆ ಉದ್ದದ ಕಾರಿಡಾರು. ಮಾನ್ಯ ಅಮ್ಮನ ಕೈ ಬಿಡಿಸಿಕೊಳ್ಳಲು ಆಗಲೇ ಎಳೆದಾಡುತ್ತಿತ್ತು. ಕವಿತಾ ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಕಡೆ ತಿರುಗಿದಳು. ಒಂದು ವರ್ಷದ ನಂತರ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

“ಏನವ್ವ, ಡಾಕ್ಟ್ರಮ್ಮ ಓಡ್ಲಿ ಅಂತಾಳೆ. ಸರಿಯಾ?”

“ಡಾಕ್ಟರು ಹೇಳಿದ್ಮೇಲೆ ಸರಿ ಅಜ್ಜಿ. ನಂಗೆ ಅಷ್ಟು ಗೊತ್ತಾಗಲ್ಲ.”

“ನಾಳೆ ತಪ್ಪು ಅಂತ ಗೊತ್ತಾದ್ರೆ ಮನೆಗಂಟ ಬಂದು ಹೇಳ್ತೀಯಾ?”

“ಅವತ್ತೇ ಬರ್ತೀನಿ.”

ಶಿವಮ್ಮ ಸೊಸೆಯ ಕೈಯಿಂದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಹಂಗಾದ್ರೆ ಓಡು ಮಗ” ಎಂದಳು.